ಮೊದಲ ಹಾಡಿಗೇ ಮಂಗಳ

ಧಾರವಾಡದಲ್ಲಿ ಸಂಗೀತದ ಕಾರ್ಯಕ್ರಮ ಮಾಡಿಸಲು ಸಂಗೀತ ಗೊತ್ತಿರಬೇಕಾಗಿಲ್ಲ, ಜಮಖಾನೆ ಎಲ್ಲಿ ಬಾಡಿಗೆಗೆ ಸಿಗುತ್ತದೆ ಎಂದು ಗೊತ್ತಿದ್ದರೆ ಸಾಕು ಎಂದು ನಾನು ನಂಬಿದ್ದೆ. ಜಮಖಾನೆಯ ವಿಷಯ ನನಗೆ ಚೆನ್ನಾಗಿ ಗೊತ್ತಿತ್ತು. ಸಂಗೀತ ಮಾತ್ರ ನನ್ನ ಪಾಲಿಗೆ ಬರಲೇ ಇಲ್ಲ. ಅಪ್ಪ ಊರಿಗೆಲ್ಲ ಹಿಂದೂಸ್ತಾನಿ ಗಾಯನ ಕಲಿಸಿದವರು. ನನಗೂ ಸ್ವಲ್ಪ ದಿನ ಕಲಿಸಿ, "ನೀ ಬ್ಯಾಂಕ್ ಪರೀಕ್ಷಾ ಕಟ್ಟಪಾ" ಎಂದು ಪ್ರೀತಿಯಿಂದಲೇ ಹೇಳಿದರು. ಕಟ್ಟಿದೆ. ಪಾಸಾದೆ!

ಮನೆಯ ಸಂಗೀತವೆಲ್ಲ ತಂಗಿ ನೀಲಾಳ ಗಂಟಲಿಗೆ ಹೋಯಿತು. ಯಾವುದೋ ತಂಡದ ಜೊತೆ ಬರ್ಲಿನ್ನಿಗೆ ಹಾಡಲು ಹೋದವಳು ಅಲ್ಲೇ ಉಳಿದು ಒಂದು ರಾಕ್ ಬ್ಯಾಂಡ್ ಸೇರಿದಳು. ಪೋರ್ಚುಗಲ್ಲಿನ ಗಿಟಾರಿನವನು, ನಾರ್ವೆಯ ಡ್ರಮ್ಮಿನವನು, ಕೀಬೋರ್ಡ್ ನುಡಿಸುವ ಜಪಾನಿನ ಹುಡುಗಿ, ಹಾಡಲು ನಮ್ಮ ನೀಲಾ. ಬ್ಯಾಂಡಿನ ಹೆಸರು 'ಸಂಡೇ ಲ್ಯಾಡರ್'. ಭಾನುವಾರದ ಏಣಿ! ಸುದ್ದಿ ತಿಳಿದ ದಿನ ಅಪ್ಪ ಫೋನಿನಲ್ಲಿ ಒಂದೇ ಮಾತು ಹೇಳಿದರು: "ನಿನ್ನ ಗಂಟಲಾಗ ರಾಗ ಸತ್ತು ಹೋದುವು." ಅಂದಿನಿಂದ ಅಪ್ಪ ಮಗಳ ಮಾತು ನಿಂತಿತು.

ಏಣಿ ಸ್ವಲ್ಪ ಮೇಲೆ ಹೋಯಿತು. ಎರಡು ಸಿ.ಡಿ. ಬಂದವು. ಅಲ್ಲಿಯ ರೇಡಿಯೋದಲ್ಲಿ ಅವರ ಹಾಡು ಕೆಲವು ವಾರ ಓಡಿತಂತೆ. ಬೇಸಿಗೆಯ ದೊಡ್ಡ ಉತ್ಸವವೊಂದರಲ್ಲಿ ಮಟಮಟ ಮಧ್ಯಾಹ್ನ, ಜನ ಊಟಕ್ಕೆ ಹೋದ ಹೊತ್ತಿನಲ್ಲಿ ಹಾಡಿದರಂತೆ. ಎರಡನೆಯ ಸಿ.ಡಿ.ಯನ್ನು ಯಾರೂ ಕೊಳ್ಳಲಿಲ್ಲ, ಕಂಪನಿ ಕೈಬಿಟ್ಟಿತು. ನೀಲಾ ಫೋನ್ ಮಾಡಿದಳು.

"ಬ್ಯಾಂಡ್ ಮುಗೀತಣ್ಣಾ. ಎಲ್ಲಾರೂ ತಮ್ಮ ತಮ್ಮ ಊರಿಗೆ ಹೊಂಟಾರ. ಅದಕ್ಕೂ ಮೊದಲ ಒಮ್ಮೆ ನಮ್ಮೂರಾಗ ಹಾಡಬೇಕು. ಅಪ್ಪ ಕೂತು ಪೂರ್ತಿ ಕೇಳಿದ್ರ ಸಾಕು. ಆಮ್ಯಾಲೆ ಬೈದ್ರೂ ಅಡ್ಡಿಯಿಲ್ಲ."

"ನಾ ಇದ್ದೇನಲ್ಲ! ನೀ ಚಿಂತಿ ಬಿಡು," ಎಂದೆ.

ಗೋಪನಕೊಪ್ಪದ ನಮ್ಮ ಮನೆಯ ಪಡಸಾಲೆಯಲ್ಲಿ ಇದನ್ನು ಕೇಳಿಸಿಕೊಂಡ ಹೆಂಡತಿ ಗಿರಿಜಾ, "ಪಾಪ, ಅಕಿಗೆ ಚಿಂತಿ ಈಗ ಸುರು ಆತು," ಎಂದಳು.

ಕಾರ್ಯಕ್ರಮ ಧಾರವಾಡದಲ್ಲಿ, ಶನಿವಾರ ಸಂಜೆ. ಬ್ಯಾಂಡಿನ ಹೆಸರು ದೊಡ್ಡದಾಗಿರಲಿ, ದಿನಾಂಕ ಕೆಳಗೆ ಸಣ್ಣದಾಗಿರಲಿ ಎಂದು ಪೋಸ್ಟರ್ ಬರೆಯುವವನಿಗೆ ಅಪ್ಪಣೆ ಕೊಟ್ಟೆ. ಅವನು ಪಾಲಿಸಿದ. ಕಾಲೇಜಿನ ಗೋಡೆಗಳ ಮೇಲೆಲ್ಲ 'ಸಂಡೇ' ಎಂದು ಮೊಳದುದ್ದದ ಅಕ್ಷರ! ಗಿಟಾರ್ ಕಂಡರೆ ಕುಣಿಯುವ ಹುಡುಗರೆಲ್ಲ ಭಾನುವಾರ ಬಂದು, ಬೀಗ ಹಾಕಿದ ಬಾಗಿಲು ನೋಡಿ, ನನ್ನನ್ನು ಬೈದು ಹೋದರು. ಶನಿವಾರ ಬಂದವರು ಅಪ್ಪನ ಶಿಷ್ಯರು ಮಾತ್ರ. ಜುಬ್ಬಾ ಬಿಳಿ, ತಲೆಯೂ ಬಿಳಿ.

ಅತಿಥಿ ಸತ್ಕಾರದಲ್ಲೂ ನಾನು ಹಿಂದೆ ಬೀಳಲಿಲ್ಲ. ಬಿಸಿಬಿಸಿ ಮಿರ್ಚಿ ಭಜಿ ತರಿಸಿದೆ. ಗಿಟಾರಿನವನು ಒಂದನ್ನು ಕಚ್ಚಿ ಬಿಕ್ಕಳಿಸತೊಡಗಿದ. ನೀರು ಕೊಟ್ಟೆ, ಸಕ್ಕರೆ ಕೊಟ್ಟೆ, ಬೆನ್ನಿಗೆ ಗುದ್ದಿದೆ. ಬಿಕ್ಕಳಿಕೆ ತಾಳ ತಪ್ಪದೆ ಮುಂದುವರಿಯಿತು.

ಇಷ್ಟಾದರೂ ಅಪ್ಪ ಬಂದರು! ಹಲವು ದಿನ ಗೋಗರೆದು ಒಪ್ಪಿಸಿದ್ದೆ. ಮುಂದಿನ ಸಾಲಿನಲ್ಲಿ ಲೋಡುದಿಂಬಿಗೆ ಒರಗಿ ಕೂತರು. ಅವರಿಗೆ ಬೆನ್ನುನೋವು, ಬಹಳ ಹೊತ್ತು ಕೂರಲಾರರು. ಆಗ ನನಗೊಂದು ಮಹತ್ತರ ವಿಚಾರ ಹೊಳೆಯಿತು. ನೀಲಾ ಅಪ್ಪನಿಗಾಗಿಯೇ ಕಟ್ಟಿದ ಹಾಡೊಂದಿತ್ತು. ಮಾತು ಇಂಗ್ಲಿಷಿನದು, ಧಾಟಿ ನಮ್ಮ ಮನೆಯದು. ಅದನ್ನು ಕಟ್ಟಕಡೆಗೆ ಇಟ್ಟುಕೊಂಡಿದ್ದಳು. ಪರದೆಯ ಹಿಂದೆ ಓಡಿದೆ.

"ನೀಲಾ, ಅಪ್ಪನ ಹಾಡು ಮೊದಲ ಹಾಡಿಬಿಡು."

"ಅದು ಭೈರವಿ, ಅಣ್ಣಾ. ಭೈರವಿ ಕಡೀಕ ಹಾಡೂದು. ಅದಾದ ಮ್ಯಾಲ ಮತ್ತೇನೂ ಹಾಡೂದಿಲ್ಲ."

"ಇಂಗ್ಲಿಷ್ ಹಾಡಿಗಿ ಎಲ್ಲೀ ಭೈರವಿ! ಅವರ ಬೆನ್ನು ಹಿಡಕೊಂಡೈತಿ. ನಡುವ ಎದ್ದು ಹೋದ್ರ ಏನ್ ಮಾಡ್ತಿ?"

ಅವಳು ಪರದೆಯ ಸಂದಿಯಿಂದ ಅಪ್ಪನನ್ನು ಇಣುಕಿ ನೋಡಿದಳು. ಆಮೇಲೆ, "ಖರೇ ಬಿಡು. ನನ್ನ ಹಾಡಿನ್ಯಾಗ ಅವರಿಗೆ ರಾಗ ಎಲ್ಲಿ ಕೇಳಸ್ತೈತಿ," ಎಂದಳು.

ಹಾಡಿದಳು. ನನಗೆ ಸಂಗೀತ ತಿಳಿಯದು. ಆದರೆ ಇಡೀ ಸಭೆ ಉಸಿರು ಬಿಗಿಹಿಡಿದದ್ದು ತಿಳಿಯಿತು. ಗಿಟಾರಿನವನ ಬಿಕ್ಕಳಿಕೆ ಕೂಡ ನಿಂತಿತು! ಹಾಡು ಮುಗಿಯಿತು. ಅಪ್ಪ ಮೆಲ್ಲಗೆ ಎದ್ದರು. ವೇದಿಕೆಗೆ ಎರಡೂ ಕೈ ಮುಗಿದರು. ಹೊರಗೆ ನಡೆದರು. ಶಿಷ್ಯರೂ ಎದ್ದು, ಕೈ ಮುಗಿದು, ಚಪ್ಪಲಿ ಹುಡುಕಿಕೊಂಡು ಹೊರಟರು. ಜಮಖಾನೆಯ ಮೇಲೆ ಉಳಿದವರು ನಾನು, ಗಿರಿಜಾ ಮತ್ತು ಮೈಕ್‌ಸೆಟ್ಟಿನವನು. ಅವನೂ ವೈರು ಸುತ್ತತೊಡಗಿದ್ದ!

ಮದುವೆ ಪೆಂಡಾಲಿನ ದೀಪಗಳನ್ನು ತರಿಸಿ ನೇರವಾಗಿ ನೀಲಾಳ ಕಣ್ಣಿಗೇ ಹಿಡಿಸಿದ್ದವನು ನಾನೇ. ಮುಗಿದ ಕೈಗಳು ಅವಳಿಗೆ ಕಾಣಲಿಲ್ಲ. ಬಾಗಿಲ ಬೆಳಕಿನಲ್ಲಿ ಹೊರಗೆ ಹೋಗುವವರ ಬೆನ್ನು ಮಾತ್ರ ಕಂಡವು.

ನಾನು ಸಿಟ್ಟಿನಿಂದ ಬೆನ್ನಟ್ಟಿದೆ. ಅಪ್ಪ ಶಿಷ್ಯನೊಬ್ಬನ ಸ್ಕೂಟರ್ ಏರಿ ಧಾರವಾಡದಲ್ಲೇ ಇದ್ದ ತಮ್ಮ ಮನೆ ಮುಟ್ಟಿದ್ದರು. ಬಾಗಿಲಲ್ಲೇ ಹಿಡಿದೆ.

"ಒಂದ ಹಾಡಿಗಿ ಎದ್ದು ಬಂದ್ರೆಲ್ಲಾ! ಮಗಳ ಮ್ಯಾಲ ಇಷ್ಟು ಸಿಟ್ಟೇನ್ರಿ?"

"ಸಿಟ್ಟ್ಯಾಕೋ? ಭೈರವಿ ಆತಲ್ಲ. ಭೈರವಿ ಆದ ಮ್ಯಾಲ ಮತ್ತೇನು ಕೇಳೂದು?"

"ಇನ್ನೂ ಇಡೀ ಕಾರ್ಯಕ್ರಮ ಇತ್ರಿ!"

ಅಪ್ಪ ನನ್ನನ್ನೇ ನೋಡಿದರು. "ಹೌದಾ? ನನಗ್ಯಾರು ಹೇಳಿದ್ರು?" ಎಂದವರು, ಬಾಗಿಲ ಕಟ್ಟೆಯ ಮೇಲೆ ಕೂತು, "ಎಷ್ಟು ಛಲೋ ಸ್ವರ ಹಚ್ಚಿದ್ಲೋ," ಎಂದರು.

ಅವರನ್ನು ಆಟೋದಲ್ಲಿ ಕೂಡಿಸಿಕೊಂಡು ವಾಪಸು ಬಂದೆ. ಬ್ಯಾಂಡಿನ ವ್ಯಾನು ಗೋವಾದ ಕಡೆ ಹೊರಟುಹೋಗಿತ್ತು. ಗಿರಿಜಾ ಒಬ್ಬಳೇ ಜಮಖಾನೆ ಮಡಚುತ್ತಿದ್ದಳು. "ಹೋದ್ಲುರಿ. ಒಂದು ಮಾತು ಆಡಲಿಲ್ಲ," ಎಂದಳು.

ಅವಳು ಊರು ಮುಟ್ಟುವಷ್ಟು ದಿನ ಬಿಟ್ಟು, ಅಪ್ಪನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬರ್ಲಿನ್ನಿಗೆ ಫೋನ್ ಹಚ್ಚಿ ನಡೆದದ್ದನ್ನೆಲ್ಲ ಹೇಳಿದೆ. ನೀಲಾ ಪೂರ್ತಿ ಕೇಳಿದಳು. "ನನ್ನ ಸಮಾಧಾನಕ್ಕ ಸುಳ್ಳು ಹೇಳಬ್ಯಾಡಣ್ಣಾ. ನನ್ನ ಗಂಟಲಾಗ ರಾಗ ಸತ್ತಾವಂತ ಅಂದವರು ಅವರ. ಅವರಿಗೆ ಭೈರವಿ ಕೇಳಿಸ್ತಂತ? ಅದನ್ನ ಹೇಳಾವ ನೀನು? ನಿನಗ ಭೈರವಿ ಅಂದ್ರ ಏನಂತ ಗೊತ್ತೈತೇನು?"

ಗೊತ್ತಿರಲಿಲ್ಲ. ನೀವೇ ಮಾತಾಡ್ರಿ ಎಂದು ಅಪ್ಪನ ಕೈಗೆ ರಿಸೀವರ್ ಕೊಡಹೋದರೆ ಅವರು ಕೈ ಹಿಂದೆಳೆದುಕೊಂಡರು. "ಎದ್ದು ನಿಂತು ಕೈ ಮುಗದೇನಿ. ಯಾವ ಶಿಷ್ಯಾಗೂ ಹಂಗ ಮುಗದಿಲ್ಲ. ಇನ್ನೇನು ಹೇಳೂದೈತಿ?" ಇಬ್ಬರೂ ಒಂದೇ ಮನೆಯವರು, ಹಟದಲ್ಲೂ!

ಮರುವರ್ಷ ಅಪ್ಪ ತೀರಿಕೊಂಡರು. ನೀಲಾ ಬರುವಷ್ಟರಲ್ಲಿ ಮಣ್ಣಾಗಿತ್ತು. ಮಾತಾಡಿಸಲು ಬಂದ ಹಿರಿಯ ಶಿಷ್ಯರೊಬ್ಬರು ಅವಳ ಎದುರು ಕೂತು, "ಗುರುಗಳು ಕಡೀತನಕಾ ನಿನ್ನ ಭೈರವಿ ಸುದ್ದೀನ ಹೇಳತಿದ್ರವಾ," ಎಂದರು. ನೀಲಾ ಅವರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ನೀ ಹೇಳಿದ್ದಿ," ಎಂದಳು.

"ಹೇಳಿದ್ದೆ."

"ನಾ ನಂಬಲಿಲ್ಲ."

ಅವಳು ಅತ್ತಳು. ನನಗೆ ಸಹಿಸಲಾಗಲಿಲ್ಲ, ಹಿತ್ತಲಿಗೆ ಹೋಗಿ ನಿಂತೆ.

ಈಗ ಊರಿನಲ್ಲಿ ಯಾರ ಗಾಯನವಿದ್ದರೂ ಹೋಗುತ್ತೇನೆ. ಭೈರವಿ ಶುರುವಾದ ಕೂಡಲೇ ಅಪ್ಪನ ನೆನಪಾಗುತ್ತದೆ. ತಡೆಯಲಾಗದೆ ಎದ್ದು ನಿಂತು ಎರಡೂ ಕೈ ಮುಗಿಯುತ್ತೇನೆ. ಕಣ್ಣಲ್ಲಿ ಧಾರಾಕಾರ ನೀರು. ಪ್ರತಿ ಸಲವೂ ಗಿರಿಜಾ ನನ್ನ ಅಂಗಿ ಜಗ್ಗುತ್ತಾಳೆ.

"ಕುಂದರ್ರಿ. ಇದು ಭೈರವಿ ಅಲ್ಲ. ಅವರಿನ್ನೂ ಈಗ ಸುರು ಮಾಡ್ಯಾರ."