ಆಪಟೆಯವರ ಮಧ್ಯಾಹ್ನದ ನಿದ್ದೆ ಮತ್ತು ದುಂಡು ಅಕ್ಷರ

ಪುಣೆಯ ಸದಾಶಿವ ಪೇಟೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ವ್ಯಾಪಾರ ನಡೆಯುವುದಿಲ್ಲ. ಆ ಹೊತ್ತಿನಲ್ಲಿ ನಾವು ಮಲಗಿರುತ್ತೇವೆ. ಇದು ದೌರ್ಬಲ್ಯವಲ್ಲ, ಪದ್ಧತಿ.

ನಮ್ಮ ಓಣಿಯಲ್ಲಿ ಬಾಕರವಡಿ ಎಂಬ ಖಾರದ ಸುರುಳಿ ತಿಂಡಿ ಮಾರುವ ದಾಮೋದರಪಂತ ಆಪಟೆಯವರ ಬಾಗಿಲಲ್ಲಿ ಒಂದು ಫಲಕವಿತ್ತು: ‘ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿರುತ್ತದೆ. ಬಾಗಿಲು ಬಡಿಯಬಾರದು.’ ದಪ್ಪ, ಚೌಕ, ಕೆಂಪು ಅಕ್ಷರ. ಒಂದೊಂದೂ ಸೊಂಟದ ಮೇಲೆ ಕೈಯಿಟ್ಟು ನಿಂತಂತಿತ್ತು. ಅವರಜ್ಜನ ಕಾಲದಿಂದಲೂ ಯಾರೂ ಬಡಿದಿರಲಿಲ್ಲ.

ಹೀಗಿರುವಾಗ ಫಲಕ ಸೌಜನ್ಯ ಪ್ರಾಧಿಕಾರ ಅಸ್ತಿತ್ವಕ್ಕೆ ಬಂದು, ಪ್ರಕಟಣೆ ಹೊರಡಿಸಿತು: ‘ಒರಟು ಅಕ್ಷರಗಳಿಂದ ನಾಗರಿಕರ ಮನಸ್ಸು ಮುದುಡುತ್ತಿರುವುದು ಗಮನಕ್ಕೆ ಬಂದಿದೆ. ಇನ್ನು ಮುಂದೆ ಸಕಲ ಫಲಕಗಳನ್ನೂ ಮದುವೆ ಕರೆಯೋಲೆಯ ದುಂಡು ಅಕ್ಷರದಲ್ಲೇ ಬರೆಸತಕ್ಕದ್ದು. ಒಕ್ಕಣೆ ಬದಲಿಸುವ ಅಗತ್ಯವಿಲ್ಲ. ಪ್ರಾಧಿಕಾರದ ಕಚೇರಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.’ ಬರೆಯುವ ಗುತ್ತಿಗೆ ಅಧ್ಯಕ್ಷರ ಭಾವಮೈದುನನಿಗೆ ಸಿಕ್ಕಿತು. ಅವನ ಕೈಬರಹ ದುಂಡಗಿತ್ತಂತೆ.

ಆಪಟೆಯವರ ಬಾಗಿಲಿಗೂ ಅದೇ ಮಾತು ಗುಲಾಬಿ ಬಣ್ಣದಲ್ಲಿ, ಬಾಲ ಸುರುಳಿ ಸುತ್ತಿಕೊಂಡು ಬಂತು. ಅಂದೇ ಮಧ್ಯಾಹ್ನ ಎದುರುಮನೆಯ ಕುಸುಮತಾಯಿ ಗೋಡಬೋಲೆ ಬಾಗಿಲು ಬಡಿದರು.

“ಬೋರ್ಡು ಓದಿಲ್ವೇನ್ರೀ?” ಎಂದರು ಆಪಟೆ, ಕಣ್ಣುಜ್ಜಿಕೊಳ್ಳುತ್ತ.

“ಓದಿದೆ. ಓದಿದ್ಮೇಲೇ ಬಡೀಬೇಕು ಅನ್ನಿಸ್ತು. ಎಷ್ಟು ಅಕ್ಕರೆಯಿಂದ ಬೇಡ ಅಂದಿದೀರಿ, ದಾಮೂಅಣ್ಣ! ಅರ್ಧ ಕಿಲೋ ಕೊಡಿ.”

ಮರುದಿನದಿಂದ ಪೇಟೆಗೆ ಪೇಟೆಯೇ ಬಂತು. ಒಬ್ಬರು ತೆಂಗಿನಕಾಯಿ ತಂದರು. ಇನ್ನೊಬ್ಬರು ಮದುವೆಮನೆಯೆಂಬಂತೆ ಊಟದ ಪಂಕ್ತಿ ಎಷ್ಟು ಹೊತ್ತಿಗೆ ಎಂದು ವಿಚಾರಿಸಿದರು. ವ್ಯಾಪಾರ ದುಪ್ಪಟ್ಟಾಯಿತು, ಆಪಟೆಯವರ ನಿದ್ದೆ ಹೋಯಿತು. ನಿದ್ದೆಗೆಟ್ಟ ಮನುಷ್ಯ ಏನು ಮಾಡಿಯಾನೆಂದು ಹೇಳಲು ಬರುವುದಿಲ್ಲ. ನಮ್ಮ ಪೇಟೆಯ ಯಾವ ಅಂಗಡಿಯವರೂ ಮಾಡದಂತೆ, ಅವರು ಗಿರಾಕಿಗಳೊಡನೆ ವಿನಯದಿಂದ ಮಾತಾಡತೊಡಗಿದರು.

“ನಿನ್ನೆ ಒಬ್ಬರಿಗೆ ‘ಮತ್ತೆ ಬನ್ನಿ’ ಅಂದ್ರು,” ಎಂದು ಅವರ ಹೆಂಡತಿ, ಓಣಿಗೆಲ್ಲ ಅತ್ತಿಗೆಯಾದ ಇಂದೂವಹಿನಿ, ನನ್ನೆದುರು ಅತ್ತರು. “ನನ್ನ ಕಿವಿಯಾರೆ ಕೇಳಿದೆ. ಹಿಂಗೇ ಆದ್ರೆ ಈ ಮನುಷ್ಯ ಉಳಿಯಲ್ಲ.”

ಹಳೆಯ ಅಕ್ಷರಕ್ಕೇ ಅನುಮತಿ ಕೇಳಲು ನಾವಿಬ್ಬರೂ ಪ್ರಾಧಿಕಾರದ ಅಧಿಕಾರಿ ಶಿರೋಳೆಯವರ ಬಳಿ ಹೋದೆವು.

“ವಿನಾಯಿತಿ ನಮ್ಮ ಕಚೇರಿಗಳಿಗೆ ಮಾತ್ರ, ವಹಿನಿ,” ಎಂದರು ಅವರು.

“ಹಾಗಾದ್ರೆ ಒಂದರಿಂದ ನಾಲ್ಕು ನಮ್ಮಂಗಡೀನೇ ನಿಮ್ಮ ಉಪಕಚೇರಿ ಮಾಡ್ಕೊಳ್ಳಿ, ಸಾಹೇಬ್ರೆ.”

“ಅಲ್ಲಿ ಏನು ಕೆಲಸ ನಡೆಯುತ್ತೆ?”

“ಇಲ್ಲಿ ನಡೆಯೋದೇ.”

ಶಿರೋಳೆಯವರು ಮೇಜಿನ ಮೇಲಿದ್ದ ದಿಂಬನ್ನು ಪಕ್ಕಕ್ಕೆ ಸರಿಸಿ ಆದೇಶಕ್ಕೆ ಸಹಿ ಹಾಕಿದರು. ಆದರೆ ಕಚೇರಿ ಎಂದ ಮೇಲೆ ಸ್ವಾಗತ ಫಲಕ ಕಡ್ಡಾಯ. ಹಾಗಾಗಿ ಈಗ ಆ ಬಾಗಿಲಲ್ಲಿ ದಪ್ಪ, ಚೌಕ, ಕೆಂಪು ಅಕ್ಷರಗಳಲ್ಲಿ ಹೀಗಿದೆ: ‘ಫಲಕ ಸೌಜನ್ಯ ಉಪಕಚೇರಿ. ಸುಸ್ವಾಗತ. ದಯವಿಟ್ಟು ಒಳಗೆ ಬನ್ನಿ.’ ಒಂದು ನರಪಿಳ್ಳೆಯೂ ಹತ್ತಿರ ಸುಳಿಯುವುದಿಲ್ಲ.

ಮೊನ್ನೆ ಶಿರೋಳೆಯವರೇ ತಪಾಸಣೆಗೆ ಬಂದರು. ಬಡಿಯಲು ಕೈಯೆತ್ತಿ, ಫಲಕ ಓದಿ, ಕೈ ಇಳಿಸಿ, ಎದುರುಮನೆಯ ಜಗಲಿಯಲ್ಲಿ ನಾಲ್ಕಾಗಲೆಂದು ಕಾಯುತ್ತಿದ್ದ ನನ್ನ ಮತ್ತು ಕುಸುಮತಾಯಿಯ ಪಕ್ಕ ಕುಳಿತರು.

“ಒಳಗೆ ಬನ್ನಿ ಅಂತ ಬರೆದಿದೆಯಲ್ಲ, ಸಾಹೇಬ್ರೆ,” ಎಂದೆ.

“ಬರೆದಿದೆ. ಧೈರ್ಯ ಬೇಕಲ್ಲ.”

ನಾಲ್ಕಕ್ಕೆ ಬಾಗಿಲು ತೆರೆಯಿತು, ಮೂವರೂ ಎದ್ದು ಹೋದೆವು. ಆಪಟೆ ಅಧಿಕಾರಿಯನ್ನು ಮೇಲಿಂದ ಕೆಳಗೆ ನೋಡಿ, “ಏನು ಬೇಕು? ಬೇಗ ಹೇಳಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ,” ಎಂದರು.

ಇಂದೂವಹಿನಿ ದೇವರಿಗೆ ಕೈಮುಗಿದರು. ಕುಸುಮತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಪೂರ್ತಿ ಗುಣ ಆದ್ರು,” ಎಂದರು.