ಬಾಗಿಲ ಮುಂದಿನ ಚೀಲಕ್ಕೆ ವಾರಸುದಾರರು ಬೇಕಾಗಿರುವ ಬಗ್ಗೆ

ಪರಿಹಾರ ವಿಭಾಗ
ಸುತ್ತೋಲೆ ಸಂಖ್ಯೆ: ಪವಿ/ಚೀಲ/01/ತುರ್ತು (ನಿಧಾನ)

ವಿಷಯ: ನೆರೆ ನುಗ್ಗಿದ ಕೆಳಬೀದಿಯಲ್ಲಿ ಝಕಾತ್ ಚೀಲಗಳನ್ನು ಬಾಗಿಲ ಮುಂದಿಟ್ಟು ಹೇಳದೆ ಕೇಳದೆ ಹೋಗುತ್ತಿರುವ ಬಗ್ಗೆ.

ಉಲ್ಲೇಖ: 1. ನೆರೆ, ಕಳೆದ ಸೋಮವಾರ.
2. ಕೆಳಬೀದಿಯ ಹೊಲಿಗೆಯಾಕೆಯ ದೂರು (ಬಾಯಿಮಾತಿನದು, ಏರುದನಿಯದು).

ಮುಸ್ಲಿಂ ಬಾಂಧವರಲ್ಲಿ ಉಳ್ಳವರು ವರ್ಷಕ್ಕೊಮ್ಮೆ ಇಲ್ಲದವರಿಗೆ ಸಲ್ಲಿಸಲೇಬೇಕಾದ ಪಾಲನ್ನು ಈ ಬಾರಿ ನೆರೆಯ ಕಾರಣ ಅವಧಿಗೆ ಮುಂಚೆಯೇ ಸಲ್ಲಿಸಿರುವುದು ಕಂಡುಬಂದಿದೆ. ಅವಧಿಗೆ ಮುಂಚೆ ನಡೆದ ಕೆಲಸಕ್ಕೆ ಕಡತ ತೆರೆದ ಪೂರ್ವನಿದರ್ಶನ ಈ ವಿಭಾಗದಲ್ಲಿ ಇರುವುದಿಲ್ಲ. ಆದಕಾರಣ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ವಿಭಾಗದ ಹಸಿವು ಸಮೀಕ್ಷೆ ಮುಂದಿನ ಬುಧವಾರ ನಡೆಯುವುದರಿಂದ, ಈಗಾಗಲೇ ಉಂಡಿರುವವರು ಅಂದು ಬೆಳಿಗ್ಗೆ ಹನ್ನೊಂದರೊಳಗೆ ಮತ್ತೆ ಹಸಿದು ಹಾಜರಿರತಕ್ಕದ್ದು. ಸಿಬ್ಬಂದಿಯ ಊಟದ ವಿರಾಮದಲ್ಲಿ ಹಸಿವನ್ನು ಪರಿಗಣಿಸಲಾಗುವುದಿಲ್ಲ.

2. ಪಡೆದವರು ತಲೆ ತಗ್ಗಿಸುವಂತಾಗಬಾರದೆಂದು ಕೊಟ್ಟವರು ಮುಖ ತೋರಿಸುವುದಿಲ್ಲವಂತೆ. ಇನ್ನು ಮುಂದೆ ಇಬ್ಬರೂ ಚೀಲದ ಒಂದೊಂದು ತುದಿ ಹಿಡಿದು ಫೋಟೊಗೆ ನಿಲ್ಲತಕ್ಕದ್ದು. ಪಡೆದವರ ನಗುವಿನಲ್ಲಿ ಎರಡು ಹಲ್ಲು ಹೆಚ್ಚು ಕಾಣತಕ್ಕದ್ದು. ಹಲ್ಲಿಲ್ಲದ ಹಿರಿಯರು ಪ್ರಮಾಣಪತ್ರ ತರುವುದು.

3. ಹೊಲಿಗೆಯಾಕೆಯ ಬಾಗಿಲಲ್ಲಿದ್ದ ಚೀಲವನ್ನು (ಹಾಲುಪುಡಿ ಡಬ್ಬಿ, ಕಂಬಳಿ, ಸೋಪು) ನಮ್ಮ ಸಿಬ್ಬಂದಿ ವಾರಸುದಾರರಿಲ್ಲದ ವಸ್ತುವೆಂದು ಜಪ್ತಿ ಮಾಡಿ ಬೀರುವಿನಲ್ಲಿಟ್ಟಿರುತ್ತಾರೆ. ಕೊಟ್ಟವರು ಖುದ್ದಾಗಿ ಬಂದು, ಚೀಲ ತಮ್ಮದೆಂದು ಒಪ್ಪಿ, ತಮ್ಮದಲ್ಲವೆಂದು ಬರೆದುಕೊಟ್ಟಲ್ಲಿ ಬಿಡುಗಡೆ ಮಾಡಲಾಗುವುದು. ಅನುಮಾನದ ಮೇಲೆ ಕರೆಸಿದ ಗಡಿಯಾರ ರಿಪೇರಿಯವರು, ಬಣ್ಣದಂಗಡಿಯವರು ಮತ್ತು ನಿವೃತ್ತ ಮೇಷ್ಟ್ರು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ವಿಭಾಗದ ಟೀ ಕುಡಿದು ಎದ್ದುಹೋದರು.

4. "ಕೊಟ್ಟೋರು ಯಾರಂತ ನಾನು ಕೇಳ್ಲಿಲ್ಲ, ಅವ್ರೂ ಹೇಳ್ಲಿಲ್ಲ. ಮಗೂಗೆ ನಿಮ್ಮ ಫಾರಂ ಕಲಸಿ ಕುಡಿಸ್ಲಾ ಸಾರ್?" ಎಂದು ಸದರಿ ಮಹಿಳೆ ಕೇಳಿರುತ್ತಾರೆ. ಈ ಪ್ರಶ್ನೆಗೆ ನಮೂನೆಯಲ್ಲಿ ಕಾಲಂ ಇರುವುದಿಲ್ಲ. ಎರಡು ದಿನಗಳಿಂದ ಕಚೇರಿಯ ವರಾಂಡದಲ್ಲಿ ಅಳುತ್ತಿರುವ ಆಕೆಯ ಮಗು ಕಚೇರಿ ವೇಳೆಯ ನಂತರವೇ ಅಳತಕ್ಕದ್ದು.

5. ಇಂದು ಬೆಳಿಗ್ಗೆ ಬೀರುವಿನಿಂದ ಚೀಲ ಕಾಣೆಯಾಗಿ, ಅದೇ ಬಾಗಿಲ ಮುಂದೆ ಪತ್ತೆಯಾಗಿರುತ್ತದೆ. ಬೀಗ ಮುರಿದಿಲ್ಲ. ಬೀಗದ ಕೈ ಒಂದೇ ಇದ್ದು, ಅದು ಕೆಳಗೆ ಸಹಿ ಮಾಡಬೇಕಾದವರ ಜೇಬಿನಲ್ಲಿರುತ್ತದೆ. ಅವರದೇ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ರಚಿಸಲಾಗಿದ್ದು, ಏನೂ ತಿಳಿದುಬಂದಿಲ್ಲವೆಂಬ ವರದಿ ಈಗಾಗಲೇ ಸಿದ್ಧವಿದೆ. ವರಾಂಡ ಈಗ ನಿಶ್ಶಬ್ದವಾಗಿದೆ.

(ಕೊಟ್ಟವರ ಹೆಸರು ತಿಳಿಯಬಾರದೆಂಬ ಪದ್ಧತಿಯಂತೆ ಸಹಿ ಮಾಡಿರುವುದಿಲ್ಲ)
ವಿಭಾಗಾಧಿಕಾರಿ

ಪ್ರತಿಗಳು:
1. ಹಸಿವು ಸಮೀಕ್ಷಕರಿಗೆ, ಊಟವಾದ ನಂತರ ಓದಿಕೊಳ್ಳಲು.
2. ಬೀರುವಿಗೆ, ಒಳಬದಿಯಲ್ಲಿ ಅಂಟಿಸಲು.
3. ಮೇಷ್ಟ್ರಿಗೆ, ಮಾಹಿತಿಗಾಗಿ. ಇನ್ನೊಮ್ಮೆ ಟೀಗೆ ಬರುವುದು.
4. ಹೊಲಿಗೆಯಾಕೆಗೆ. ಪ್ರತಿಯನ್ನು ಬಾಗಿಲ ಮುಂದಿಟ್ಟು ಬರಲಾಗಿದೆ.