ಓವರ್ ಇಲ್ಲದ ಆಟಕ್ಕೆ ನಾನು ಕ್ಯಾಪ್ಟನ್

ತೊಂಬತ್ತರ ದಶಕದಲ್ಲಿ ನಾನು ಸೌದಿ ಅರೇಬಿಯದ ರಾಸ್ ತನೂರಾದ ಒಂದು ಗುತ್ತಿಗೆ ಕಂಪನಿಯಲ್ಲಿ ಸ್ಟೋರ್‌ಕೀಪರ್ ಆಗಿದ್ದೆ. ನಮ್ಮ ಅಮೆರಿಕನ್ ಮ್ಯಾನೇಜರಿಗೆ ಶುಕ್ರವಾರ ಎಲ್ಲರಿಂದ ಬೇಸ್‌ಬಾಲ್ ಆಡಿಸುವ ಹುಚ್ಚು. ನಾಲ್ಕು ತಂಡ, ನಾಲ್ವರು ಕ್ಯಾಪ್ಟನ್. ಆಟಗಾರರನ್ನು ಸಾಲಾಗಿ ನಿಲ್ಲಿಸಿ, ಕ್ಯಾಪ್ಟನ್‌ಗಳು ಸರದಿಯಂತೆ ಒಬ್ಬೊಬ್ಬರ ಹೆಸರು ಕರೆಯಬೇಕು. ಉಡುಪಿಯಲ್ಲಿ ಕಾಲೇಜಿನ ಕ್ರಿಕೆಟ್ ತಂಡಕ್ಕೆ ನಾಯಕನಾಗಿದ್ದೆ ಎಂಬ ಏಕೈಕ ಅರ್ಹತೆಯ ಮೇಲೆ ನಾನೂ ಒಬ್ಬ ಕ್ಯಾಪ್ಟನ್ ಆದೆ. ಬ್ಯಾಟು ದುಂಡಗಿದ್ದರೇನು, ಆಟ ಆಟವೇ ತಾನೆ!

ನನ್ನ ರೂಮ್‌ಮೇಟ್ ವಸಂತ, ಕುಂದಾಪುರದ ಎಲೆಕ್ಟ್ರಿಷಿಯನ್. ಈ ಆಟದಲ್ಲಿ ಚೆಂಡೆಸೆಯುವವನನ್ನು ಪಿಚರ್ ಅನ್ನುತ್ತಾರೆ. ಆ ವಿದ್ಯೆಯನ್ನು ಅವನು ಮೂರು ತಿಂಗಳಿಂದ ಶ್ರದ್ಧೆಯಿಂದ ಕಲಿಯುತ್ತಿದ್ದ. ದಿನಾ ಸಂಜೆ ಕ್ವಾರ್ಟರ್ಸಿನ ಹಿಂದೆ ಅವನ ಎಸೆತ ಹಿಡಿದು ಅಂಗೈ ಕೆಂಪು ಮಾಡಿಕೊಂಡವನು ನಾನೇ. ಆ ಕಡ್ಡಿ ಪೈಲ್ವಾನನ ಕೈಚಳಕ ಇಡೀ ಕ್ಯಾಂಪಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಆದರೂ ನಾನು ಕರೆದದ್ದು ಕ್ರೇನ್ ಓಡಿಸುವ ಪಠಾಣನನ್ನು. ಆಮೇಲೆ ವೆಲ್ಡರ್, ಆಮೇಲೆ ಇನ್ನೊಬ್ಬ ದಾಂಡಿಗ. ಬಾರಿಸುವವರು ಸಿಗುವುದು ಕಷ್ಟ, ಬೌಲಿಂಗನ್ನು ಆರಾರು ಚೆಂಡಿನಂತೆ ಎಲ್ಲರೂ ಹಂಚಿಕೊಂಡರಾಯಿತು ಎಂಬುದು ನನ್ನ ಘನ ಸಿದ್ಧಾಂತ. ಪ್ರತಿ ಸಲ ನನ್ನ ಸರದಿ ಬಂದಾಗಲೂ ವಸಂತ ಅರ್ಧ ಹೆಜ್ಜೆ ಮುಂದಿಡುತ್ತಿದ್ದ. ಕೊನೆಗೆ ಅವನೊಬ್ಬನೇ ಉಳಿದ. ಬೇರೆ ತಂಡದವರು ಲೆಕ್ಕ ಭರ್ತಿಗೆ ಕರೆದುಕೊಂಡು ಹೋದರು.

ಪಂದ್ಯ ಬಂತು. ಎದುರಿಗೆ ವಸಂತನಿದ್ದ ತಂಡವೇ! ನಾನೇ ಆರು ಚೆಂಡು ಎಸೆದು, ಓವರ್ ಮುಗಿಯಿತೆಂದು ಗತ್ತಿನಿಂದ ಚೆಂಡನ್ನು ಪಠಾಣನಿಗೆ ಕೊಟ್ಟೆ. ಈ ಆಟದಲ್ಲಿ ಓವರ್ ಎಂಬುದೇ ಇಲ್ಲ ಎಂದರು ಅಂಪೈರ್. ಎಸೆಯುವವನು ಕೈ ಸೋಲುವವರೆಗೂ ಎಸೆಯುತ್ತಲೇ ಇರಬೇಕು. ನಾಲ್ಕು ಚೆಂಡು ದಾರಿ ತಪ್ಪಿದರೆ ಬ್ಯಾಟು ಹಿಡಿದವನಿಗೆ ಮೈದಾನದ ಮೊದಲ ಮೂಲೆಗೆ, ಅಂದರೆ ಮೊದಲ ‘ಬೇಸ್’ಗೆ, ಪುಕ್ಕಟೆ ದಾರಿ; ಹೀಗೆ ನಾಲ್ಕೂ ಮೂಲೆ ಸುತ್ತಿದರೆ ಒಂದು ರನ್. ನಮ್ಮಲ್ಲಿ ಯಾರು ಎಸೆದರೂ ಚೆಂಡು ನೆಟ್ಟಗೆ ಹೋಗಲಿಲ್ಲ. ಎದುರಾಳಿಗಳು ಬ್ಯಾಟು ಬೀಸದೆ, ವಾಯುವಿಹಾರಕ್ಕೆ ಹೊರಟವರಂತೆ ಮೈದಾನ ಸುತ್ತಿ ಗೆದ್ದರು. ನಮ್ಮ ದಾಂಡಿಗರು ವಸಂತನ ಎಸೆತಕ್ಕೆ ಗಾಳಿಯನ್ನು ಮಾತ್ರ ಹೊಡೆದರು.

ಸೋತದ್ದಕ್ಕೆ ಬೇಸರವಿರಲಿಲ್ಲ. ಮರುದಿನದಿಂದ ಸಂಜೆ ವಸಂತನ ಚೆಂಡು ಹಿಡಿಯಲು ಬೇರೆಯವರು ಬಂದರು, ಅದೇ ಚುಚ್ಚಿತು. ಕ್ಷಮೆ ಕೇಳಬೇಕೆಂದು ದಿನಾ ಅಂದುಕೊಂಡೆ, ಕೇಳಲಿಲ್ಲ.

ಮುಂದಿನ ವರ್ಷ ಅವನು ಕ್ಯಾಪ್ಟನ್ ಆದ. ಮೊದಲ ಸರದಿಯಲ್ಲೇ ನನ್ನ ಹೆಸರು ಕರೆದ. ಎಲ್ಲರೂ ನಕ್ಕರು. ನಾನು ಹತ್ತಿರ ಹೋಗಿ, ನಿನಗೆ ತಲೆ ಕೆಟ್ಟಿದೆಯಾ ಎಂದು ಕೇಳಿದೆ.

"ಕೊನೆಗೆ ಒಬ್ಬನೇ ನಿಲ್ಲುದು ಹೇಗಿರ್ತದೆ ಅಂತ ನಂಗೆ ಗೊತ್ತುಂಟು ಮಾರಾಯ," ಎಂದ.

ಆ ಋಣವನ್ನು ನಾನು ಮೊದಲ ಪಂದ್ಯದಲ್ಲೇ ತೀರಿಸಿದೆ. ಅವನ ಎಸೆತಕ್ಕೆ ಬಂದ ಮೂರು ಕ್ಯಾಚುಗಳನ್ನೂ ಬಿಟ್ಟೆ!